ವಾಚು ಬೈದೀತು!

ಲಾಲ್‌ಬಾಗ್ ಬಂಡೆ, ಬೆಳಗಿನ ಆರೂವರೆ. (ಬಂಡೆಗೆ ಸುಮಾರು 300 ಕೋಟಿ ವರ್ಷ. ಒಂದು ಹೆಜ್ಜೆ ನಡೆದಿಲ್ಲ, ಗಟ್ಟಿಮುಟ್ಟಾಗಿದೆ.)

“ಯಾಕೋ ಸುಬ್ಬು, ನಿಂತಲ್ಲೇ ಕೈ ಬೀಸ್ತಿದ್ದೀಯ? ನೊಣವೇ?”

“ಹೆಜ್ಜೆ ಕಮ್ಮಿ ಬಿದ್ದಿದೆ ರಾಯರೇ. 10,000 ಆಗದಿದ್ರೆ ವಾಚು ಬೈಯುತ್ತೆ.”

“ಮನೇಲಿ ಬೈಯೋರು ಸಾಲದೂಂತ ದುಡ್ಡು ಕೊಟ್ಟು ತಂದ್ಯಾ?”

“ನೋವಿಲ್ಲದೆ ಲಾಭವಿಲ್ಲ ಅಂತಾರೆ ಟ್ರೈನರ್ರು.”

“ನೋವು ಯಾರಿಗೆ, ಲಾಭ ಯಾರಿಗೆ?”

“ಮಂಡಿ ನಂದು, ಫೀಸು ಅವರದು.”

“ಅಂದಹಾಗೆ, ಈ 10,000 ಯಾವ ಡಾಕ್ಟರ ಚೀಟಿ?”

“ಚೀಟಿಯಲ್ಲ, 1965ರಲ್ಲಿ ಜಪಾನಿನೋರು ಮಾರಿದ ಹೆಜ್ಜೆ ಎಣಿಸೋ ಯಂತ್ರದ ಹೆಸರಂತೆ. ನಿಮ್ಮದೆಷ್ಟು?”

“ಎಣಿಸಿಲ್ಲಪ್ಪ. ಕೆರೆ ಹತ್ರ ನೀರುಕಾಗೆ ನೋಡ್ತಾ ನಿಂತುಬಿಟ್ಟೆ. ಖುಷಿಯಾಯ್ತು. ನಿನಗೆ?”

“ತಾಳಿ, ವಾಚು ನೋಡಿ ಹೇಳ್ತೀನಿ.”

ವಾಚಿನ ಚಾರ್ಜು ಮುಗಿದಿತ್ತು.