ಗೋಡೆ ಮುಟ್ಟುವ ಯಜಮಾನರು

ಮೈಸೂರಿನ ವಿಜಯನಗರ ನಾಲ್ಕನೇ ಹಂತವಾಗಲಿ, ದಾವಣಗೆರೆಯ ಹೊರವಲಯವಾಗಲಿ, ಹೊಸ ಬಡಾವಣೆ ಎಂದ ಮೇಲೆ ಅವರು ಇದ್ದೇ ಇರುತ್ತಾರೆ. ಈಚೆಗಷ್ಟೇ ನಿವೃತ್ತರಾದವರು. ಪಿಎಫ್ ಹಣ, ಗ್ರಾಚ್ಯುಟಿ, ಹೆಂಡತಿಯ ಎರಡು ಬಳೆ ಎಲ್ಲವೂ ಸೇರಿ ಎದ್ದ ಮನೆಯ ಮುಂದೆ ಬೆಳಿಗ್ಗೆ ಏಳಕ್ಕೆ ಸ್ಕೂಟರ್ ನಿಲ್ಲಿಸುತ್ತಾರೆ. ನೆಲಕ್ಕಿನ್ನೂ ಟೈಲ್ಸ್ ಬಿದ್ದಿಲ್ಲ, ಆದರೂ ಚಪ್ಪಲಿ ಹೊರಗೇ. ಒಳಗೆ ಹೋದವರು ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಗೋಡೆ ಮುಟ್ಟುತ್ತಾರೆ. ಮೊದಲು ಅಂಗೈ, ಆಮೇಲೆ ಮುಂಗೈ. ಅದರಲ್ಲೂ ನಂಬಿಕೆ ಸಾಲದಿದ್ದರೆ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆನ್ನೆ.

"ಮೇಸ್ತ್ರಿ, ಇನ್ನೂ ತಣ್ಣಗಿದೆಯಲ್ಲಪ್ಪಾ?"

"ಈಗ ತಾನೇ ನೀವೇ ಪೈಪ್ ಹಿಡ್ಕೊಂಡು ನೀರು ಹೊಡೆದ್ರಲ್ಲ ಸಾರ್!"

ಯಜಮಾನರ ಸಂಕಟದ ಮೂಲ ಇಲ್ಲೇ ಇದೆ. ಗಾರೆ ಗಟ್ಟಿಯಾಗುವುದೆಂದರೆ ಒಣಗುವುದು ಎಂದೇ ಅವರು ತಿಳಿದಿದ್ದಾರೆ. ಸಿಮೆಂಟಿಗೆ ಈ ವಿಷಯ ಗೊತ್ತಿಲ್ಲ. ಅದು ನೀರಿನೊಂದಿಗೆ ಸೇರಿ, ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುವ ಪದಾರ್ಥ. ಕಲಸಿದ ಹತ್ತು ಗಂಟೆಯೊಳಗೆ ಬಿಗಿದುಕೊಳ್ಳುತ್ತದೆ ನಿಜ, ಆದರೆ ಅದರ ಬಲ ಅಳೆಯುವುದು 28ನೇ ದಿನಕ್ಕೆ. ಅದಕ್ಕೇ ಗಾರೆ ಹೊಡೆದ ಮೇಲೆ ಕನಿಷ್ಠ 7 ದಿನ ಕ್ಯೂರಿಂಗ್. ಆ ವಾರದಲ್ಲಿ ಗೋಡೆ ಒಣಗಿದರೆ ಅದೇ ಅನಾಹುತ. ಹೀಗಿರುವಾಗ ಮೂರನೇ ದಿನವೇ ಯಜಮಾನರು ಮನೆಯಿಂದ ಟೇಬಲ್ ಫ್ಯಾನು ತಂದು ಹಾಲಿನ ಗೋಡೆಗೆ ಗಾಳಿ ಹಾಕಿಸುತ್ತಾರೆ. ಎದುರಿಗೊಂದು ಹ್ಯಾಲೊಜನ್ ದೀಪ. ವಾರ ಕಳೆಯುವುದರೊಳಗೆ ಗೋಡೆಯ ತುಂಬ ಕೂದಲೆಳೆಯ ಬಿರುಕು. ಬೈಸಿಕೊಳ್ಳುವವನು ಮೇಸ್ತ್ರಿ.

ಇನ್ನು ಫ್ಯಾನು ನಿಜವಾಗಿ ಬೇಕಾಗುವ ಕಾಲಕ್ಕೆ, ಅಂದರೆ ಕ್ಯೂರಿಂಗ್ ಮುಗಿದು ಗೋಡೆ ಒಣಗಬೇಕಾದಾಗ, ಅದು ವಾಪಸ್ ಮನೆಗೆ ಹೋಗಿರುತ್ತದೆ. ವೈರು, ನಲ್ಲಿ ಕದ್ದೊಯ್ದಾರೆಂಬ ಭಯಕ್ಕೆ ಸಂಜೆ ಐದಕ್ಕೇ ಎಲ್ಲ ಕಿಟಕಿಗೂ ಚಿಲಕ. ಗೋಡೆ ಬಿಟ್ಟ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ.

ಇಷ್ಟು ಅವಸರ ಯಾಕೆಂದರೆ, ಆಮಂತ್ರಣ ಪತ್ರಿಕೆ ಆಗಲೇ ಅಚ್ಚಾಗಿದೆ. ಆಷಾಢದಲ್ಲಿ ಗೃಹಪ್ರವೇಶ ಮಾಡುವಂತಿಲ್ಲ; ಹಾಗಾಗಿ ಊರಿನವರೆಲ್ಲ ಶ್ರಾವಣಕ್ಕೇ ಮುಹೂರ್ತ ಇಡಿಸುತ್ತಾರೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಗಾರೆ ಕೆಲಸ ಬಂದು ನಿಲ್ಲುವುದು ಸರಿಯಾಗಿ ಮಳೆಗಾಲದ ನಡುವೆ. ಗಾಳಿಯೇ ನೀರು ಕುಡಿದು ಕೂತಿರುವಾಗ ಗೋಡೆ ತನ್ನ ನೀರನ್ನು ಯಾರಿಗೆ ಕೊಡಬೇಕು? ಏಪ್ರಿಲ್‌ನಲ್ಲಿ ಕಲಬುರಗಿಯ ಗೋಡೆಗೂ ಜುಲೈಯಲ್ಲಿ ಸಾಗರದ ಗೋಡೆಗೂ ಒಂದೇ ಲೆಕ್ಕ ಹಿಡಿಯುವುದು ಪುರೋಹಿತರಿಗೆ ಸುಲಭ, ಪೇಂಟರಿಗೆ ಕಷ್ಟ.

"ಒಳಗೋಡೆಗೆ ಬರೀ 12 ಮಿಲಿಮೀಟರ್ ಅಲ್ವೇನಯ್ಯಾ, ಒಣಗಕ್ಕೆ ಎಷ್ಟು ದಿನ ಬೇಕು?" ಎನ್ನುತ್ತಾರೆ ಯಜಮಾನರು. ಅದರ ಹಿಂದೆ ನೆನೆಸಿ ಕಟ್ಟಿದ ಇಟ್ಟಿಗೆ ಇದೆ, ಆ ಇಟ್ಟಿಗೆಗೂ ವಾರಗಟ್ಟಲೆ ನೀರು ಹೊಡೆದದ್ದಿದೆ, ಆಚೆ ಬದಿಗೆ ಎರಡು ಕೈ ಸೇರಿ 20 ಮಿಲಿಮೀಟರ್ ಗಾರೆ ಇದೆ ಎಂಬುದು ಅವರ ಲೆಕ್ಕಕ್ಕೆ ಸೇರುವುದಿಲ್ಲ. ಮೇಲ್ಮೈ ಬಿಳಿಚಿಕೊಂಡದ್ದೇ ತಡ, ಪುಟ್ಟಿಯ ಮೂಟೆ ಇಳಿಸುತ್ತಾರೆ.

ಮಗ ಬೆಂಗಳೂರಿನಿಂದ ಫೋನ್ ಮಾಡಿ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾನೆ. "ಅಪ್ಪಾ, ನಮ್ ಫ್ಲಾಟಲ್ಲಿ ಜಿಪ್ಸಂ. ಕ್ಯೂರಿಂಗೇ ಇಲ್ಲ, ಕೆಲವೇ ದಿನದಲ್ಲಿ ಒಣಗಿಹೋಯ್ತು." ನಿಜವೇ. ಆದರೆ ಆ ಜಿಪ್ಸಂ ಹೊರಗೋಡೆಗೂ ಬಚ್ಚಲಿಗೂ ಆಗಿಬರದು ಎಂಬುದನ್ನು ಮಗ ಹೇಳುವುದಿಲ್ಲ. ಯಜಮಾನರು ತಾತನ ಮನೆಯ ಸುಣ್ಣದ ಗಾರೆಯನ್ನು ಎತ್ತುತ್ತಾರೆ: "ಇವತ್ತಿಗೂ ಅಲ್ಲಾಡಿಲ್ಲ!" ಅದೂ ನಿಜ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗಲು ಆ ಸುಣ್ಣ ತಿಂಗಳುಗಟ್ಟಲೆ ತೆಗೆದುಕೊಂಡಿತ್ತು. ತಾತ ಅದರ ಮೇಲೆ ಸುಣ್ಣವನ್ನಲ್ಲದೆ ಬೇರೇನನ್ನೂ ಬಳಿಸಿರಲಿಲ್ಲ.

ಕಡೆಗೊಬ್ಬ ಪೇಂಟರ್ ಒಂದು ಪರೀಕ್ಷೆ ಹೇಳಿಕೊಡುತ್ತಾನೆ. ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗಡೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಒಳ್ಳೆಯ ಪರೀಕ್ಷೆಯೇ. ಯಜಮಾನರು ಪ್ರತಿ ಕೋಣೆಯ ಪ್ರತಿ ಗೋಡೆಗೂ ಒಂದೊಂದು ಅಂಟಿಸಿ, ದಿನಕ್ಕೆ ಮೂರು ಸಲ ಬಿಚ್ಚಿ ನೋಡುತ್ತಾರೆ. "ರೀ, ತೊಳೆದು ಒಣಹಾಕಿದ್ದ ಹಾಲಿನ ಕವರ್ ಒಂದೂ ಇಲ್ವಲ್ರೀ" ಎಂದು ಹೆಂಡತಿ ಹುಡುಕುವಾಗ ಅವು ದೇವರಮನೆಯ ಗೋಡೆಯ ಮೇಲೆ ಬೆವರುತ್ತಿರುತ್ತವೆ.

ಫಲಿತಾಂಶ ಏನೇ ಬರಲಿ, ಬಣ್ಣ ಹೊಡೆಸಿಯೇ ತೀರುತ್ತಾರೆ. ಹೊಸ ಗಾರೆ ಕಟು ಕ್ಷಾರ, ಅದರ ಪಿಎಚ್ 12ರ ಮೇಲೆ. ಒದ್ದೆಯಿದ್ದಾಗಲೇ ಎಣ್ಣೆ ಬಣ್ಣ ಬಳಿದರೆ ಕ್ಷಾರ ಆ ಎಣ್ಣೆಯನ್ನು ಸೋಪು ಮಾಡಿಬಿಡುತ್ತದೆ. ಮೈಸೂರಿನ ಹೆಸರಿನ ಸೋಪು ಮೈಗೆ ಒಳ್ಳೆಯದು, ಗೋಡೆಗಲ್ಲ. ಎಮಲ್ಶನ್ ಆದರೆ ಗುಳ್ಳೆಯೇಳುತ್ತದೆ, ಹಿಂದೆಯೇ ಬಿಳಿ ಉಪ್ಪಿನ ಪುಡಿ ಹೊರಗೆ ಬರುತ್ತದೆ. ಆಗ ಯಜಮಾನರು ಪೇಂಟರನ್ನು, ಬಣ್ಣದ ಕಂಪನಿಯನ್ನು, ಎಂ-ಸ್ಯಾಂಡನ್ನು, ಕೊನೆಗೆ ಪಕ್ಕದ ಮನೆಯವರ ದೃಷ್ಟಿಯನ್ನು ಬೈಯುತ್ತಾರೆ. ಪಂಚಾಂಗದ ಸುದ್ದಿಗೆ ಮಾತ್ರ ಹೋಗುವುದಿಲ್ಲ.

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಗಾರೆ ಮುಗಿದ ದಿನದಿಂದ ಕನಿಷ್ಠ 5 ವಾರ ಎಣಿಸಿ, ಮಳೆಗಾಲವಾದರೆ ಇನ್ನಷ್ಟು ಸೇರಿಸಿ, ಆಮೇಲೆ ಪೇಂಟರನ್ನು ಕರೆಯಿರಿ. ಮುಹೂರ್ತ ಮುಂದೂಡಲು ಆಗದಿದ್ದರೆ ಬೂದು ಗೋಡೆಗೇ ಮಾವಿನ ತೋರಣ ಕಟ್ಟಿ, ಹಾಲುಕ್ಕಿಸಿ, ಬಣ್ಣ ದೀಪಾವಳಿಗಿರಲಿ. ಹೇಗಿದ್ದರೂ ಹೋಮದ ಹೊಗೆಗೆ ತಾರಸಿ ಕಪ್ಪಾಗುವುದೇ. ಬಣ್ಣವಿಲ್ಲದ ಮನೆಯಲ್ಲಿ ಗಣಹೋಮ ಮಾಡಿಸುವುದಿಲ್ಲ ಎಂದ ಪುರೋಹಿತರು ಇದುವರೆಗೆ ಯಾರಿಗೂ ಸಿಕ್ಕಿಲ್ಲ.