ಸ್ಕ್ರೂಡ್ರೈವರ್ ಕಿವಿಗಿಟ್ಟ ಮಿಸ್ತ್ರಿ

ಲೇತ್ ಅಂಗಡಿ ಇರುವ ಊರಲ್ಲೆಲ್ಲ ಇಂಥವರೊಬ್ಬರು ಇರುತ್ತಾರೆ. ನಮ್ಮ ಹೊಸಪೇಟೆಯಲ್ಲಿ ಸ್ವಲ್ಪ ಜಾಸ್ತಿಯೇ ಇದ್ದಾರೆ. ಸಂಡೂರಿನ ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದಾಗ ಪಿನ್ನು, ಬುಶ್ಶು ಕಡೆದು ಕಡೆದು ಪಳಗಿದ ಕೈ ಇವರದು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು, ಲಾರಿಗಳು ನಿಂತವು, ಮಿಸ್ತ್ರಿ ನಿಲ್ಲಲಿಲ್ಲ. ಈಗ ಕಂಪ್ಲಿ ಕಡೆಯಿಂದ ಭತ್ತ ಕೊಯ್ಯುವ ಮಿಷನ್ನಿನ ಶಾಫ್ಟು, ಪಂಪ್‌ಸೆಟ್ಟಿನ ಕಪ್ಲಿಂಗು ಬರುತ್ತವೆ.

ಅಂಗಡಿಯ ನಡುವೆ ಹರಿಹರದ ಮೈಸೂರು ಕಿರ್ಲೋಸ್ಕರ್‌ನ ಹಳೇ ಸಣ್ಣ ಲೇತು. 1941ರಲ್ಲಿ ಶುರುವಾದ ಆ ಕಾರ್ಖಾನೆ ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ಸ್ಪೇರ್ ಸಿಗುವುದಿಲ್ಲ. ಸಿಗದಿರುವುದೇ ಮಿಸ್ತ್ರಿಯ ದೊಡ್ಡಸ್ತಿಕೆಗೆ ಬಂಡವಾಳ.

ಲೇತು ‘ಕಟ್... ಕಟ್...’ ಅಂದರೆ ಸಾಕು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್‌ಸ್ಟಾಕಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಆಗ ಯಾರೂ ಮಾತಾಡಬಾರದು. ಪಕ್ಕದ ವೆಲ್ಡಿಂಗಿನವನೂ ಕೈ ನಿಲ್ಲಿಸಬೇಕು. ಸುತ್ತಿಗೊಂದು ಸಲ ಕಟ್ ಅಂದರೆ ಒಂದೇ ಹಲ್ಲಿನ ತಂಟೆ: ಚೂರು ಸಿಕ್ಕಿಕೊಂಡಿದೆ, ಇಲ್ಲವೇ ಹಲ್ಲೇ ಹೋಗಿದೆ. ಒಂದೇ ಸಮ ಊಳಿಟ್ಟರೆ ಗೇರುಗಳು ತೀರ ಬಿಗಿಯಾಗಿ ಕೂತಿವೆ, ಗಲಗಲ ಅಂದರೆ ಸಡಿಲ. ಇಷ್ಟನ್ನು ಗಿರಾಕಿಗೆ ಬಿಡಿಸಿ ಹೇಳಿಬಿಟ್ಟರೆ ಮಿಸ್ತ್ರಿಯ ಮರ್ಯಾದೆ ಏನಾಗಬೇಕು? ಕಣ್ಣು ತೆರೆದವರು ಮೊದಲು ಕೇಳುವುದು, “ಯಾವನಲೇ ಇದಕ್ಕ ಕೈ ಹಚ್ಚಿದಾವ?”

ಕೈ ಹಚ್ಚಿದವನು ಯಾವಾಗಲೂ ಅಂಗಡಿಯ ಹುಡುಗನೇ. “ನಾ ಅಲ್ಲ ಉಸ್ತಾದ್” ಅನ್ನುತ್ತಾನೆ. ಆದರೆ ಬ್ಯಾಕ್ ಗೇರ್ ಹಾಕುವಾಗ ದೊಡ್ಡ ಗೇರಿನ ಲಾಕ್ ಪಿನ್ನು ಎಳೆಯುವುದನ್ನು ಮರೆತವನು ಅವನೇ. ಪಿನ್ನು ಒಳಗಿದ್ದು ಬ್ಯಾಕ್ ಗೇರೂ ಸೇರಿದರೆ ಸ್ಪಿಂಡಲ್ಲು ಅಲ್ಲಾಡುವಂತಿಲ್ಲ. ಬೆಲ್ಟು ಕಿರುಚುತ್ತದೆ, ಮೋಟಾರು ನರಳುತ್ತದೆ. ಇನ್ನೂ ತಿರುಗುತ್ತಿರುವಾಗಲೇ ಗೇರು ಒತ್ತಿದನೋ, ಹಲ್ಲು ಮುರಿದಂತೆಯೇ.

ಮುರಿದರೆ ಮಿಸ್ತ್ರಿಗೆ ಒಳಗೊಳಗೇ ಖುಷಿ. ಹಲ್ಲಿನ ಜಾಗದಲ್ಲಿ ತೂತು ಕೊರೆದು, ಸ್ಟಡ್ ಕೂರಿಸಿ, ಹಿತ್ತಾಳೆ ಬೆಸುಗೆ ತುಂಬಿ, ಅರ ಹಿಡಿದು ಇಡೀ ಮಧ್ಯಾಹ್ನ ತೀಡಿ ಹೊಸ ಹಲ್ಲು ಮೂಡಿಸುತ್ತಾರೆ. ಅವರದೇ ಮುಂದಿನ ಎರಡು ಹಲ್ಲು ಬಿದ್ದು ವರ್ಷಗಳಾದವು. ಅದಕ್ಕೆ ಮಾತ್ರ ಟೈಮ್ ಸಿಕ್ಕಿಲ್ಲ.

ಟಂಬ್ಲರ್ ಗೇರಿನ ಹಿಡಿಯದು ಬೇರೆಯೇ ಕತೆ. ಅದು ಕೂರುವ ಗುಳಿ ಸವೆದು, ಥ್ರೆಡ್ ಹಾಕುವ ನಡುವೆ ತಾನಾಗಿ ನ್ಯೂಟ್ರಲ್ಲಿಗೆ ಜಾರುತ್ತದೆ. ಗುಳಿಗೆ ಬುಶ್ಶು ಕೂರಿಸಿ, ಸ್ಪ್ರಿಂಗ್ ಬದಲಿಸಿದರೆ ಅರ್ಧ ದಿನದ ಕೆಲಸ. ಊರಿನ ಮಂದಿಗೆಲ್ಲ ಬುಶ್ಶು ಕಡೆಯುವ ಮಿಸ್ತ್ರಿ ಅದನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದಾರೆ. “ಇದು ಟೆಂಪ್ರವರಿ ರೀ” ಅನ್ನುತ್ತಾರೆ. ಟ್ಯೂಬು ಹಳತಾದರೆ ಹೊಸ ಟ್ಯೂಬು ಕಟ್ಟುತ್ತಾರೆ.

ಗೇರು ಹೊಂದಿಸುವ ಹೊತ್ತು ಬಂದಾಗ ಮಾತ್ರ ಮನುಷ್ಯ ಬದಲಾಗಿಬಿಡುತ್ತಾರೆ. ಪೇಪರಿನ ಒಂದು ಪಟ್ಟಿ ಹರಿದು ಎರಡು ಗೇರಿನ ನಡುವೆ ಇಟ್ಟು, ಒತ್ತಿ ಹಿಡಿದು ಬೋಲ್ಟು ಬಿಗಿಯುತ್ತಾರೆ. ಕೈಯಿಂದ ಮೆಲ್ಲಗೆ ತಿರುಗಿಸಿ ಪಟ್ಟಿಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ನೆರಿಗೆ ಬಿದ್ದೂ ಹರಿಯದೆ ಬಂದರೆ ಸರಿ. ಹರಿದಿದ್ದರೆ ಬಿಗಿ, ನೆರಿಗೆಯೇ ಇಲ್ಲದಿದ್ದರೆ ಸಡಿಲ. ಪೇಪರು ಪಕ್ಕದ ಚಹಾ ಅಂಗಡಿಯದು, ಅದೂ ಇನ್ನೂ ಯಾರೂ ಓದದೇ ಇದ್ದದ್ದು. ಪಟ್ಟಿಯಲ್ಲಿ ರಾಶಿಭವಿಷ್ಯ ಬಂದಿದ್ದರೆ ಗಿರಾಕಿಗೆ ಓದಿಯೂ ಹೇಳುತ್ತಾರೆ.

ಲೀಡ್‌ಸ್ಕ್ರೂ ಇಂಚಿನದು, ಗಿರಾಕಿ ಕೇಳುವುದು ಎಂ.ಎಂ. ಥ್ರೆಡ್ಡು. ಐದು ಇಂಚೆಂದರೆ ಸರಿಯಾಗಿ 127 ಮಿಲಿಮೀಟರ್, ಹಾಗಾಗಿ 127 ಹಲ್ಲಿನ ಗೇರು ಬೇಕೇ ಬೇಕು. ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಹುಲಿಗೆಮ್ಮನ ಫೋಟೊದ ಕೆಳಗಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಕೀಲಿಕೈ ಉಡಿದಾರದಲ್ಲಿ. ಬೀರುವಿನ ಕೀಲಿ ಎಲ್ಲಿದೆಯೆಂದು ಕೇಳಿದರೆ ಮನೆಯವರನ್ನು ಕೇಳಬೇಕು.

ಊರ ಮೇಲಿನ ಯಂತ್ರವಿದ್ಯೆಯೆಲ್ಲ ತಮ್ಮ ಖಾತೆಗೇ ಸೇರಿದ್ದೆಂದು ಅವರ ನಂಬಿಕೆ. ಹಂಪಿಯ ಕಲ್ಲಿನ ರಥದ ಗಾಲಿಗಳು ಹಿಂದೆ ತಿರುಗುತ್ತಿದ್ದವು, ಈಗ ಸಿಮೆಂಟು ಹಾಕಿ ನಿಲ್ಲಿಸಿದ್ದಾರೆ ಎಂದರೆ, “ಒಂದು ಬುಶ್ ಹಾಕಿದ್ರ ಮುಗೀತಿತ್ತು” ಅನ್ನುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸುವವರೆಗೆ ಮಿಸ್ತ್ರಿ ಅಂಗಡಿ ಬಿಟ್ಟು ಕದಲಲಿಲ್ಲ. ಡ್ಯಾಮಿನವರು ಯಾವ ಗಳಿಗೆಯಲ್ಲಾದರೂ ಕರೆದಾರೆಂದು. ಕರೆಯಲಿಲ್ಲ. “ಮೊದಲ ನನ್ನ ಕಿವಿ ಹಚ್ಚಿ ಕೇಳಿಸಿದ್ರ ಚೈನ್ ಹೋಗೂದು ಗೊತ್ತಾಗ್ತಿತ್ತು” ಎಂದು ಇವತ್ತಿಗೂ ಹೇಳುತ್ತಾರೆ. ನಗಬೇಡಿ, ಎದುರಿಗೆ ನಕ್ಕವರ ಶಾಫ್ಟು ಮೂಲೆಯಲ್ಲಿ ಇನ್ನೂ ಬಿದ್ದಿದೆ.

ಕಂಪ್ಲಿ, ಸಂಡೂರು ಕಡೆಯಿಂದ ಬರುವವರಿಗೆ ಒಂದು ಮಾತು. ಮುರಿದ ಹಳೇ ಪೀಸನ್ನು ತಪ್ಪದೆ ಜೊತೆಗೆ ತನ್ನಿ. ಅಳತೆ ಬರೆದ ಚೀಟಿಯನ್ನು ಅವರು ಓದುವುದಿಲ್ಲ. ‘ನಾಳೆ ಬರ್ರಿ’ ಅಂದರೆ ನಾಡಿದ್ದು ಬನ್ನಿ, ಅದೂ ಕರೆಂಟು ಇದ್ದರೆ.