ಇಂಡಸ್ಟ್ರಿಯಿಂದ ಬಂದವರು

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ ಇಂಡಕ್ಷನ್ ಶುರುವಾಯಿತೆಂದರೆ ಇವರ ಸೀಸನ್ನೂ ಶುರು. ಹತ್ತೂವರೆಯ ಕಾರ್ಯಕ್ರಮಕ್ಕೆ ಹನ್ನೊಂದೂಕಾಲಿಗೆ ಬಂದು ‘ಸಿಲ್ಕ್ ಬೋರ್ಡ್’ ಎಂದು ಒಂದೇ ಮಾತು ಹೇಳುತ್ತಾರೆ. ಬೆಂಗಳೂರಿನಲ್ಲಿ ಅದಕ್ಕೆ ಮರುಪ್ರಶ್ನೆ ಇಲ್ಲ. ಶನಿವಾರವಾದರೂ ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್. ಆಹ್ವಾನ ಪತ್ರಿಕೆಯಲ್ಲಿ ಹೆಸರು ಅರ್ಧ ಸಾಲು, ಹುದ್ದೆ ಎರಡೂವರೆ ಸಾಲು. ವರ್ಷವಿಡೀ ಪಾಠ ಮಾಡಿ ಗೌರವಧನಕ್ಕೆ ಕಾಯುವ ಅತಿಥಿ ಉಪನ್ಯಾಸಕರ ಜೊತೆ ಇವರನ್ನು ಸೇರಿಸಿಬಿಡಬೇಡಿ. ಅವರಿಗೆ ಯಾರೂ ಮೈಸೂರು ಪೇಟ ತೊಡಿಸುವುದಿಲ್ಲ.

ಮೈಕ್ ಹಿಡಿದ ಕೂಡಲೇ, ‘ನಿಮ್ಮಲ್ಲಿ ಎಷ್ಟು ಜನ ಏಐ ಬಗ್ಗೆ ಕೇಳಿದ್ದೀರಿ?’ ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ. ಚಾಟ್‌ಜಿಪಿಟಿ ಹೊರಬಂದ 2022ರ ನವೆಂಬರ್‌ನಲ್ಲಿ ಈ ಮಕ್ಕಳು ಹೈಸ್ಕೂಲಿನಲ್ಲಿದ್ದರು. ಪಿಯುಸಿ ಅಸೈನ್‌ಮೆಂಟುಗಳನ್ನು ಅದರ ಕೈಲೇ ಬರೆಸಿ ಬಂದವರು. ಇಡೀ ಹಾಲು ಕೈ ಎತ್ತುತ್ತದೆ. ಸಾಹೇಬರಿಗೆ ಕೊಂಚ ನಿರಾಸೆ. ಆದರೂ ‘ಇದು ಈಗಷ್ಟೇ ಹುಟ್ಟಿದ ಕ್ಷೇತ್ರ’ ಎಂದು ಮುಂದುವರಿಯುತ್ತಾರೆ. ಇದೇ ಹೆಸರಿಟ್ಟುಕೊಂಡು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ವಿದ್ವಾಂಸರು ಸಭೆ ಸೇರಿದ್ದು 1956ರ ಬೇಸಿಗೆಯಲ್ಲಿ. ಆಗ ಇವರ ತಂದೆ ಕನ್ನಡ ಶಾಲೆಯಲ್ಲಿ ಸ್ಲೇಟು ಹಿಡಿದಿದ್ದರು.

ಸ್ಲೈಡುಗಳದ್ದು ಬೇರೆಯೇ ಪುರಾಣ. ಬಿಗ್ ಡೇಟಾ ಕಾಲದಲ್ಲಿ ಮಾಡಿಟ್ಟ ಕಡತ ಅದು. ಆಮೇಲೆ ಬ್ಲಾಕ್‌ಚೈನ್ ಬಂತು. 2021ರಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿಕೊಂಡಾಗ ಕೆಲಕಾಲ ಮೆಟಾವರ್ಸ್. ಈಗ ಏಐ. ಪ್ರತಿ ಸಲವೂ ‘ಮುಂದಿನ ಹತ್ತು ವರ್ಷ ಇದರದ್ದೇ’. ದೇವರು ಬದಲಾದರೂ ಆರತಿ ತಟ್ಟೆ ಅದೇ. ಹಳೆಯ ಪದ ತೆಗೆದು ಹೊಸದನ್ನು ತುಂಬುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟರೆ ಏನಾಗುತ್ತದೆಂದು ಒಬ್ಬರ ಸ್ಲೈಡಿನಲ್ಲಿ ಕಂಡೆ: ‘2008ರಲ್ಲಿ ಸತೋಷಿ ನಕಾಮೊಟೊ ಏಐಯನ್ನು ಜಗತ್ತಿಗೆ ಪರಿಚಯಿಸಿದರು.’ ಬಿಟ್‌ಕಾಯಿನ್ನಿನ ಮೂಲಪುರುಷ ಇಲ್ಲಿಗೇಕೆ ಬಂದ ಎಂದು ಯಾರೂ ಕೇಳಲಿಲ್ಲ. ಮುಂದಿನ ಬೆಂಚಿನವರು ಅದನ್ನು ಬರೆದುಕೊಂಡು ಕೆಂಪು ಪೆನ್ನಿನಲ್ಲಿ ಅಡಿಗೆರೆಯನ್ನೂ ಎಳೆದರು.

ಕೊನೆಯ ಅರ್ಧ ಗಂಟೆ ಕೆರಿಯರ್. ‘ಮಾರ್ಕ್ಸ್ ಮುಖ್ಯವಲ್ಲ, ಪ್ಯಾಷನ್ ಮುಖ್ಯ’ ಎನ್ನುತ್ತಾರೆ. ಇವರದೇ ಕಂಪನಿ ಕ್ಯಾಂಪಸ್ಸಿಗೆ ಬಂದಾಗ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲದರಲ್ಲೂ ಶೇ 60 ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಬಿಲ್ ಗೇಟ್ಸ್, ಜುಕರ್‌ಬರ್ಗ್ ಇಬ್ಬರೂ ಕಾಲೇಜು ಬಿಟ್ಟವರು ಎಂಬ ಮಾತು ಬರುವಷ್ಟರಲ್ಲಿ ಎಚ್‌ಒಡಿ ಮೇಡಂ ಕುರ್ಚಿಯಲ್ಲಿ ಮಿಸುಕಾಡುತ್ತಾರೆ. ‘ಬಿಡೋಕೆ ಮೊದಲು ಹಾರ್ವರ್ಡ್‌ಗೆ ಸೇರ್ಬೇಕಲ್ಲ ಮಗಾ’ ಎಂದು ಹಿಂದಿನ ಬೆಂಚಿನಿಂದ ಪಿಸುಮಾತು. ಇಡೀ ಬೆಳಗಿನಲ್ಲಿ ನನಗೆ ಕೇಳಿಸಿದ ಮೊದಲ ತರ್ಕಬದ್ಧ ವಾಕ್ಯ ಅದು.

ಆಮೇಲೆ ಪ್ರಶ್ನೋತ್ತರ. ‘ಪ್ಯಾಕೇಜ್ ಎಷ್ಟು ಸರ್?’ ಎಂಬುದಕ್ಕೆ ನಗುವೇ ಉತ್ತರ. ಅಷ್ಟರಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಎದ್ದು, ‘ಸರ್, ನೀವ್ ಆಫೀಸಿನ್ಯಾಗ ದಿನಾ ಏನ್ ಮಾಡ್ತೀರ್ರೀ?’ ಎಂದುಬಿಟ್ಟಳು. ಸಾಹೇಬರು ರಿಮೋಟನ್ನು ಒತ್ತಿದರು, ಅದಕ್ಕೆ ಸ್ಲೈಡ್ ಇರಲಿಲ್ಲ. ಇಂಗ್ಲಿಷ್ ಕೈಕೊಟ್ಟಿತು. ಹಾಸನದ ಕನ್ನಡದಲ್ಲಿ ಶುರು ಮಾಡಿದರು: ಅಮೆರಿಕದ ವಿಮಾ ಕಂಪನಿಯೊಂದರ ಹಳೇ ಜಾವಾ ಕೋಡು, ಬರೆದವನು ಕೆಲಸ ಬಿಟ್ಟು ಯಾವ ಕಾಲವಾಯಿತೋ. ಒಂದು ಕಡೆ ತಾರೀಖಿನ ರೂಪ ಬದಲಿಸಿದರೆ ಇನ್ನೆಲ್ಲೋ ಪ್ರೀಮಿಯಂ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪಿತೆಂದು ಹುಡುಕುವುದಕ್ಕೇ ಎರಡು ದಿನ. ಸರಿಪಡಿಸುವುದು ಒಂದೇ ಸಾಲು. ರಾತ್ರಿ ಒಂಬತ್ತಕ್ಕೆ ಅವರ ಜೊತೆ ಕಾಲ್, ಆ ಒಂದು ಸಾಲು ಯಾಕೆ ಎಂದು ಅರ್ಧ ಗಂಟೆ ವಿವರಣೆ. ಹಾಲಿನಲ್ಲಿ ಮೊಬೈಲುಗಳು ಒಂದೊಂದಾಗಿ ಜೇಬಿಗಿಳಿದವು. ‘ಏಐ ಕೈಲಿ ಹುಡುಕಿಸಲ್ವಾ ಸರ್?’ ಎಂದು ಇನ್ನೊಬ್ಬ. ‘ಹುಡುಕುಸ್ತೀನಪ್ಪ, ಅದು ಹೇಳಿದ್ದು ಸರಿನಾ ಅಂತ ನೋಡೋಕೆ ಮತ್ತೆ ನಾನೇ ಬೇಕು.’

ಅಷ್ಟಕ್ಕೇ ನಿಲ್ಲಿಸಿದರು. ಊಟ ಆರುತ್ತಿತ್ತು. ಪೇಟ, ಶಾಲು, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಅಕ್ಷಾಂಶ ರೇಖಾಂಶ ಮೂಡಿದ ಫೋಟೊ ಇಲ್ಲದಿದ್ದರೆ ನ್ಯಾಕ್ ಲೆಕ್ಕದಲ್ಲಿ ಕಾರ್ಯಕ್ರಮ ನಡೆದ ಹಾಗಲ್ಲವಾದ್ದರಿಂದ, ಹಿಂದಿನ ಬೆಂಚಿನವರನ್ನು ಮುಂದಕ್ಕೆ ಕರೆದು ಖಾಲಿ ಕುರ್ಚಿ ತುಂಬಿಸಲಾಯಿತು.

ಇಂಥವರನ್ನು ಕರೆಯುವ ಎಚ್‌ಒಡಿಗಳಲ್ಲಿ ಒಂದೇ ವಿನಂತಿ: ಪ್ರೊಜೆಕ್ಟರ್ ಕೆಟ್ಟಿದೆ ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ.